ರಸ್ ಕಾರ್ವೆಲ್ ಬರುವ ಮುಂಚಿನ ಗುನುಗು

ರಸ್ ಕಾರ್ವೆಲ್ ಹಾಡಿ ನಗಿಸಿದ ಹಳೆಯ ಚಿತ್ರಗಳನ್ನು ಗ್ಲೆಂಡೇಲಿನ ಟಾಕೀಸಿನಲ್ಲಿ ಒಂದು ವಾರ ಮತ್ತೆ ಹಾಕಿದ್ದರು. ಕೊನೆಯ ದಿನ ಹಡಗಿನ ಚಿತ್ರ. ಬೆಳಿಗ್ಗೆಯೇ ಓರ್ವಿಲ್ ಫೋನ್ ಮಾಡಿ ಜೊತೆಗೆ ಬಾ ಎಂದ. ನನಗೆ ಹೋಗಲು ಕಾಲೇ ಏಳಲಿಲ್ಲ. ರಸ್ ಮೇಲೆ ನನಗೇನೂ ಸಿಟ್ಟಿಲ್ಲ. ಆ ಚಿತ್ರದಲ್ಲಿ ನಾವಿಕರ ಟೋಪಿ ಹಾಕಿಕೊಂಡು ಅವನ ಹಿಂದೆ ಕುಣಿದ ಹುಡುಗಿಯರಲ್ಲಿ ಎಡಗಡೆಯ ತುದಿಯವಳು ನಾನೇ. ವರ್ಷಗಟ್ಟಲೆ ಕುಣಿದರೂ ಆ ಮಹಾರಾಯ ನನ್ನ ಹೆಸರು ಕೇಳಲಿಲ್ಲ, ಅದು ಬಿಡಿ. ನನಗೆ ಭಯವಿದ್ದದ್ದು ಓರ್ವಿಲ್ ಬಗ್ಗೆ.

ಅವನ ಹೆಂಡತಿ ನೆಟ್ಟಿ ನನ್ನ ಗೆಳತಿ. ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ನಮ್ಮ ಕಾಲದ ನಾಯಕಿಯರಲ್ಲಿ ಎಷ್ಟೋ ಜನರಿಗೆ ಹಾಡಲು ಬರುತ್ತಿರಲಿಲ್ಲ. ನೆಟ್ಟಿಯಂಥವರು ಮೊದಲೇ ಹಾಡಿ ಕೊಡುತ್ತಿದ್ದರು, ನಾಯಕಿ ಕ್ಯಾಮೆರಾದ ಮುಂದೆ ಅದಕ್ಕೆ ತುಟಿ ಆಡಿಸುತ್ತಿದ್ದಳು. ಹಾಡಿದವಳ ಹೆಸರು ತೆರೆಯ ಮೇಲೆ ಬರುವಂತಿರಲಿಲ್ಲ, ಅವಳು ಹೊರಗೆ ಬಾಯಿ ಬಿಡುವಂತೆಯೂ ಇರಲಿಲ್ಲ. ಹಡಗಿನ ಚಿತ್ರದಲ್ಲಿ ರಸ್ ಜೊತೆಗಿನ ಜೋಡಿ ಹಾಡನ್ನು ನಾಯಕಿ ಲೆನೋರ್ ಫ್ರೇಗಾಗಿ ನೆಟ್ಟಿ ಹಾಡಿದಳು. ಸ್ಟುಡಿಯೋದಲ್ಲಿ ಬಡಗಿಯಾಗಿದ್ದ ಓರ್ವಿಲ್ ಆ ಸಂಜೆ ಕಂಡಕಂಡವರಿಗೆಲ್ಲ ಬಿಯರ್ ಕುಡಿಸಿದ.

ಆಮೇಲೆ ಏನಾಯಿತೆಂದರೆ, ಚಿತ್ರವೆಲ್ಲ ಮುಗಿದ ಮೇಲೆ ದೊಡ್ಡವರು ಕೂತು ನೋಡಿ, ನೆಟ್ಟಿಯ ದನಿ ಲೆನೋರಳ ಮಾತಿಗೆ ಹೊಂದುವುದಿಲ್ಲ ಎಂದು ತಕರಾರು ತೆಗೆದರು. ಇನ್ನೊಬ್ಬಳನ್ನು ಕರೆಸಿ ಅದೇ ತುಟಿಗೆ ಸರಿಯಾಗಿ ಮತ್ತೆ ಹಾಡಿಸಿದರು. ನೆಟ್ಟಿ ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ಓರ್ವಿಲ್‌ಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡಳು. ಮುಂದೆ ಯಾವ ಸ್ಟುಡಿಯೋದವರೂ ಅವಳನ್ನು ಕರೆಯಲಿಲ್ಲ. ಮನೆಯಲ್ಲೂ ಅವಳ ದನಿಯ ಒಂದು ತುಣುಕು ಟೇಪ್ ಇಲ್ಲ. ಈಗ ಈ ಮನುಷ್ಯ ಸತ್ತ ಹೆಂಡತಿಯ ಹಾಡು ಕೇಳಲು ಟೈ ಕಟ್ಟಿಕೊಂಡು ಹೊರಟಿದ್ದಾನೆ. ಒಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ.

ಪಾಪ್‌ಕಾರ್ನ್ ಸಾಲಿನಲ್ಲಿ ನಿಂತಾಗ ತಡೆಯಲಾಗಲಿಲ್ಲ. ಆ ಹಾಡಿನ ವಿಷಯ ಒಂದು ಮಾತು ಹೇಳಬೇಕಿತ್ತು ಎಂದು ತೊದಲಿದೆ.

"ಅದು ನೆಟ್ಟಿ ಹಾಡಿರೋದಲ್ಲ ಅಂತ ತಾನೆ?" ಎಂದ ಓರ್ವಿಲ್. "ಚಿತ್ರ ಬಂದ ಮೊದಲನೇ ದಿನಾನೇ ಗೊತ್ತಾಯ್ತು, ಮ್ಯಾಕ್ಸೀನ್. ಕಟ್ಕೊಂಡೋಳ ದನಿ ಗೊತ್ತಾಗಲ್ವಾ ನಂಗೆ? ನಾನು ಖುಷಿಯಾಗಿದೀನಲ್ಲ, ಅದನ್ನ ಕೆಡಿಸಬಾರದು ಅಂತ ಅವಳು ಹೇಳ್ಲಿಲ್ಲ. ಅವಳು ಹೇಳ್ಲಿಲ್ಲ ಅಂತ ನಾನೂ ಕೇಳ್ಲಿಲ್ಲ."

ಇಷ್ಟು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿಕೊಂಡು ಇಬ್ಬರೂ ಇದನ್ನು ನುಂಗಿಕೊಂಡಿದ್ದರಲ್ಲ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮತ್ಯಾಕೆ ಬಂದೆ ಎಂದು ರೇಗಿದೆ. ಹಾಡಿಗೆ ಮುಂಚೆ ಲೆನೋರ್ ಹಡಗಿನ ಕಂಬಿ ಹಿಡಿದು ಸುಮ್ಮನೆ ಗುನುಗುತ್ತಾಳಲ್ಲ, ಆ ಗುನುಗು ನೆಟ್ಟಿಯದು ಎಂದ. ಬಾಯಿ ಮುಚ್ಚಿರುವ ಕಡೆ ತುಟಿಗೆ ಹೊಂದಿಸುವ ಗೋಜೇ ಇಲ್ಲವಾದ್ದರಿಂದ ಅಷ್ಟನ್ನು ಹಾಗೇ ಬಿಟ್ಟಿದ್ದರು. ಟಿವಿಯವರು ಸರಿಯಾಗಿ ಅಲ್ಲಿಗೇ ಕತ್ತರಿ ಹಾಕಿ ಸೋಪಿನ ಜಾಹೀರಾತು ತುರುಕುತ್ತಾರಂತೆ.

ಒಳಗೆಲ್ಲ ನಮ್ಮ ವಯಸ್ಸಿನವರೇ. ಹಡಗಿನ ಯಜಮಾನ ಈಜುಕೊಳಕ್ಕೆ ಬಿದ್ದಾಗ, ಬೀಳುತ್ತಾನೆಂದು ಗೊತ್ತಿದ್ದೂ, ಕೆಮ್ಮು ಬರುವಷ್ಟು ನಕ್ಕರು. ನಾನು ತೆರೆಯ ಮೇಲೆ ಕುಣಿಯುತ್ತಿದ್ದ ನನ್ನ ಕಾಲುಗಳನ್ನು ನೋಡಿಕೊಂಡೆ. ಚೆನ್ನಾಗಿಯೇ ಇದ್ದವು. ಆಮೇಲೆ ಲೆನೋರ್ ಬಂದು ಕಂಬಿ ಹಿಡಿದಳು. ಓರ್ವಿಲ್ ಮುಂದಕ್ಕೆ ಬಾಗಿ ಕಿವಿಗೆ ಅಂಗೈ ಇಟ್ಟುಕೊಂಡ. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಬಾಗಿಲ ಸಂದಿಯಿಂದ ರಸ್‌ನ ಓರೆ ಟೋಪಿ ಇಣುಕಿತು. ಇಡೀ ಟಾಕೀಸು ಚಪ್ಪಾಳೆ ಹೊಡೆಯಿತು. ಅವನು ಬಂದಾಗಲೆಲ್ಲ ಹೊಡೆಯುವುದು ಈ ಅಭಿಮಾನಿಗಳ ಹಳೇ ಚಾಳಿ. ಗದ್ದಲ ಅಡಗುವ ಹೊತ್ತಿಗೆ ರಸ್ ಹಾಡುತ್ತಿದ್ದ, ಗುನುಗು ಕಳೆದುಹೋಗಿತ್ತು.

ಓರ್ವಿಲ್ ಹೋಗಿ ಸಂಜೆಯ ಆಟಕ್ಕೆ ಮತ್ತೆರಡು ಟಿಕೆಟ್ ತಂದ. ಅದೇ ಕೊನೆಯ ಆಟ. ಬೆಳಗಾದರೆ ರೀಲುಗಳು ಶಿಕಾಗೋಗೆ ಹೊರಡುತ್ತಿದ್ದವು. ಈ ಸಲ ನಾನೇ ಎದ್ದು ನಿಂತು, ಆ ಗಳಿಗೆಯಲ್ಲಿ ಕೈ ಕಟ್ಟಿ ಕೂತಿರಿ ಎಂದು ಜನರಿಗೆ ಹೇಳುತ್ತೇನೆ ಎಂದೆ. ಅವನು ಹೂಂ ಎಂದು ತಲೆಯಾಡಿಸಿದ.

ಸಂಜೆಯ ಆಟದಲ್ಲಿ ಲೆನೋರ್ ಹಡಗಿನ ಮೆಟ್ಟಿಲು ಹತ್ತುವಾಗಲೇ ನಾನು ಎದ್ದೆ. ಬಾಯಿ ತೆರೆಯುವಷ್ಟರಲ್ಲಿ ಓರ್ವಿಲ್ ನನ್ನ ತೋಳು ಹಿಡಿದು ಎಳೆದ.

"ಕೂತ್ಕೋ."

"ಇನ್ನು ಕೇಳೋಕೆ ಸಿಗಲ್ಲ ಕಣೋ. ಇದೇ ಕೊನೆ," ಎಂದೆ.

"ಗೊತ್ತು. ಬದುಕಿದ್ದಾಗ ಅವಳಿಗೆ ಒಬ್ಬರೂ ಚಪ್ಪಾಳೆ ಹೊಡೀಲಿಲ್ಲ, ಮ್ಯಾಕ್ಸೀನ್. ಹೊಡೀಲಿ ಬಿಡು."

ಕೂತೆ. ಲೆನೋರ್ ಕಂಬಿ ಹಿಡಿದಳು. ರಸ್‌ನ ಟೋಪಿ ಕಾಣುತ್ತಲೇ ಜನ ಎರಡೂ ಕೈ ಎತ್ತಿ ಬಡಿದರು, ಹಿಂದೆ ಯಾರೋ ಸೀಟಿಯನ್ನೂ ಹೊಡೆದರು. ಓರ್ವಿಲ್ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ, ಎಲ್ಲರೂ ನಿಲ್ಲಿಸಿದ ಮೇಲೂ ಹೊಡೆಯುತ್ತಲೇ ಇದ್ದ. ಕೂತ್ಕೊಳ್ರೀ, ಕಾಣಿಸ್ತಿಲ್ಲ ಎಂದು ಹಿಂದಿನವರು ಬೈದರು. ನೆಟ್ಟಿಯ ಗುನುಗು ಅವನಿಗೆ ಕೇಳಿಸಲಿಲ್ಲ.