ದಂಡೋತಿಯಲ್ಲಿ ಅಮೃತಮ್ಮ ಇರಲಿಲ್ಲ

ಹಂಚಿನ ಮೇಲೆ ಮೊದಲ ರೊಟ್ಟಿ ಹಾಕಿ ನೀರು ಸವರುತ್ತಿದ್ದೆ. ಪಡಸಾಲೆಯಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಕೈಯೆಲ್ಲ ಹಿಟ್ಟು. ಎತ್ತು ಎಂದು ಮಗಳು ಭೂಮಿಕಾಗೆ ಕೂಗಿ ಹೇಳಿದೆ.

"ಇಲ್ರಿ, ಆ ಹೆಸರಿನವರು ಯಾರೂ ನಮ್ಮ ಮನ್ಯಾಗ ಇಲ್ಲ," ಎಂದು ಅವಳು ಗಂಭೀರವಾಗಿ ಹೇಳಿ ಇಟ್ಟುಬಿಟ್ಟಳು.

"ಯಾರದವಾ ಫೋನು?"

"ರಾಂಗ್ ನಂಬರ್ ಅವ್ವಾ. ನೀಲಗಂಗಾಗ ಕೊಡು ಅಂತ ಕೇಳಾಕತ್ತಿದ್ರು."

ರೊಟ್ಟಿ ತಿರುವಿ ಹಾಕುವುದನ್ನು ಮರೆತೆ. ನೀಲಗಂಗಾ ಎಂದರೆ ನಾನೇ. ಸುಲೇಪೇಟದ ತವರಿನಲ್ಲಿ ತೊಟ್ಟಿಲಿಗೆ ಹಾಕಿದಾಗ ಇಟ್ಟ ಹೆಸರು ಅದು. ಮದುವೆಯ ದಿನ ಪರಾತದಲ್ಲಿ ಅಕ್ಕಿ ಹರವಿ, ಗಂಡ ಲಕ್ಷ್ಮಿಕಾಂತ ಉಂಗುರದ ತುದಿಯಿಂದ ಅದರಲ್ಲಿ ಅನ್ನಪೂರ್ಣಾ ಎಂದು ಬರೆದಿದ್ದರು. ಅಂದಿನಿಂದ ಸೇಡಂನ ಈ ಮನೆಯಲ್ಲಿ, ಈ ಓಣಿಯಲ್ಲಿ ನಾನು ಅನ್ನಪೂರ್ಣಾ. ಮಗಳಿಗೆ ಬೇರೆ ಹೆಸರಿನ ಮಾತು ಹೇಳುವ ಸಂದರ್ಭವೇ ಬಂದಿರಲಿಲ್ಲ.

ತಿರುಗಿ ಫೋನ್ ಮಾಡಿದೆ. ಸುಲೇಪೇಟದ ಆಶಾಬಿ, ನನ್ನ ಶಾಲೆಯ ಗೆಳತಿ. "ಏನ ನೀಲಿ, ನಿನ್ನ ಮಗಳು ನಿನಗ ಮನಿ ಬಿಟ್ಟು ಹೊರಗ ಹಾಕ್ಯಾಳಲ್ಲ!" ಎಂದು ಬಿದ್ದು ಬಿದ್ದು ನಕ್ಕಳು.

ನಾನೂ ನಗುತ್ತಿದ್ದವಳು, ಕಂಬಕ್ಕೆ ಒರಗಿ ತೊಗರಿಬೇಳೆ ಆರಿಸುತ್ತಿದ್ದ ಅತ್ತೆಯನ್ನು ಕಂಡು ಫೋನ್ ಇಟ್ಟುಬಿಟ್ಟೆ.

ನನ್ನ ಅತ್ತೆ ಜಯಮಾಲಾ ತೊಟ್ಟಿಲ ಕೂಸಾಗಿದ್ದಾಗಲೇ ಅವರ ತಾಯಿ ಅಮೃತಮ್ಮ ತೀರಿಕೊಂಡಿದ್ದರು. ತಂದೆ ಮತ್ತೊಂದು ಮದುವೆಯಾಗಿ, ತಮ್ಮ ಊರು ವಾಡಿ ಬಿಟ್ಟು ಶಹಾಬಾದದ ಕಲ್ಲಿನ ಗಣಿಗೆ ಕೆಲಸಕ್ಕೆ ಹೋದರು. ಹೆಸರೊಂದನ್ನು ಬಿಟ್ಟರೆ ಸತ್ತವಳ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಪಂಚಮಿಗೆ ಓಣಿಯ ಮಕ್ಕಳೆಲ್ಲ ಸೋದರಮಾವನ ಊರಿಗೆ ಹೊರಟರೆ ಇವರು ಮನೆಯಲ್ಲೇ. ಅವ್ವನ ತವರನ್ನು ಒಮ್ಮೆಯಾದರೂ ನೋಡಬೇಕೆಂಬ ಆಸೆ ಮೊಮ್ಮಗಳು ಬಂದ ಮೇಲೂ ಹಾಗೇ ಉಳಿದಿತ್ತು.

ಹೋದ ತಿಂಗಳು ವಾಡಿಯ ಹಳೆಯ ಪರಿಚಯದವರೊಬ್ಬರು ಮದುವೆಮನೆಯಲ್ಲಿ ಸಿಕ್ಕು, "ನಿಮ್ಮವ್ವ ದಂಡೋತಿಯಾಕಿ" ಎಂದಿದ್ದರು. ಅವರಿಗೂ ಅಷ್ಟೇ ಗೊತ್ತು. ಮರುದಿನವೇ ಅತ್ತೆ ಇಳಕಲ್ ಸೀರೆ ಉಟ್ಟು ಮಗನನ್ನು ಕರೆದುಕೊಂಡು ಹೋದರು. ದಂಡೋತಿಯ ಕಟ್ಟೆ, ಕಿರಾಣಿ ಅಂಗಡಿ, ಚಹಾದಂಗಡಿ, ಎಲ್ಲ ಕಡೆ ಆ ಹೆಸರೊಂದನ್ನೇ ಹೇಳಿ ಕೇಳಿದರು. ಅಮೃತಮ್ಮ ಎಂಬ ಮಗಳು ಈ ಊರಲ್ಲಿ ಇರಲೇ ಇಲ್ಲ ಎಂದರಂತೆ.

ತಿರುಗಿ ಬಂದ ಅತ್ತೆ ತಾಟಿನ ಮುಂದೆ ಕೂತು, "ತವರವರೇ ಮರತ ಮ್ಯಾಲ ನಮ್ಮವ್ವಗ ಇನ್ನ ಯಾರು ನೆನಸಬೇಕು?" ಎಂದು ಎದ್ದುಬಿಟ್ಟರು. ಆಮೇಲೆ ಯಾರಾದರೂ ದಂಡೋತಿ ಎಂದರೆ ಅಲ್ಲಿ ನಿಲ್ಲುತ್ತಿರಲಿಲ್ಲ.

"ಅತ್ತೀ," ಎಂದೆ ಅವರ ಎದುರು ಕೂತು, "ನಿಮ್ಮವ್ವಗ ಅಮೃತಮ್ಮ ಅಂತ ಹೆಸರಿಟ್ಟವರು ಯಾರು?"

"ಮತ್ಯಾರಿಡ್ತಾರ? ಹಡದವರು."

"ನನಗ ಅನ್ನಪೂರ್ಣಾ ಅಂತ ಹಡದವರು ಇಟ್ಟಾರೇನ್ರಿ?"

ಅತ್ತೆ ಮೊರ ಕೆಳಗಿಟ್ಟರು. ಅವರ ಹೆಸರನ್ನು ಮದುವೆಯಲ್ಲಿ ಯಾರೂ ಬದಲಿಸಿರಲಿಲ್ಲ. ಇದ್ದದ್ದೇ ಚಂದ ಎಂದು ಮನೆಯ ಹಿರಿಯರು ಬಿಟ್ಟಿದ್ದರಂತೆ. ಅದಕ್ಕೇ ಅವರಿಗೆ ಹೊಳೆದಿರಲಿಲ್ಲ.

"ಹೌದಲ್ಲವಾ!" ಎಂದವರು ಮರುಕ್ಷಣ ಸಪ್ಪಗಾದರು. "ಖರೇ ಹೆಸರೇ ಗೊತ್ತಿಲ್ಲ. ಏನಂತ ಕೇಳೂದು?"

"ಹೆಸರು ಬ್ಯಾಡ್ರಿ. ಸುಲೇಪೇಟದ ಮುದುಕ್ಯಾರು ನನಗ ಏನಂತಾರ? ಸೇಡಂಗ ಕೊಟ್ಟ ಹುಡುಗಿ ಅಂತಾರ. ಹಂಗೇ ಕೇಳೂಣು. ಗಂಡಸರಿಗಿ ಬ್ಯಾಡ, ಹೆಂಗಸರಿಗಿ ಕೇಳೂಣು."

ಭಾನುವಾರ ಅತ್ತೆ, ನಾನು, ಭೂಮಿಕಾ ಮೂವರೂ ಚಿತ್ತಾಪುರದ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ತೊಡೆಗೆ ತೊಡೆ ತಾಗಿಸಿ ಕೂತು ದಂಡೋತಿ ಮುಟ್ಟಿದೆವು. ದಾರಿಯುದ್ದಕ್ಕೂ ಭೂಮಿಕಾ ನನ್ನ ಮುಖ ನೋಡುವುದು, ಬಾಯಿ ತೆರೆಯುವುದು, ಮತ್ತೆ ಕಿಟಕಿಯತ್ತ ತಿರುಗುವುದು. ನನ್ನ ಹಳೆಯ ಹೆಸರು ತಿಳಿದಾಗಿನಿಂದ ಏನೋ ಕೇಳಬೇಕಾಗಿತ್ತು ಅವಳಿಗೆ. ಕೇಳಿದಾಗ ಕೇಳಲಿ ಎಂದುಕೊಂಡೆ.

ಒಂದು ಓಣಿಯ ಬಾಗಿಲಲ್ಲಿ ಮುದುಕಿಯೊಬ್ಬಳು ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಹೆಸರು ಇಮಾಮ್ಬೀ ಅಂತೆ.

"ಅಜ್ಜೀ, ಇಲ್ಲಿಂದ ವಾಡಿಗಿ ಕೊಟ್ಟ ಹೆಣ್ಣಮಗಳು, ಸಣ್ಣ ಕೂಸು ಬಿಟ್ಟು ತೀರಕೊಂಡಾಕಿ, ಯಾರಾರ ಇದ್ರೇನ್ರಿ?" ಎಂದೆ.

"ಯಾರಾರ ಏನು? ಚಂದ್ರಭಾಗಾ ಅಲ್ಲೇನ!" ಎಂದಳು ಇಮಾಮ್ಬೀ, ನಿನ್ನೆಯ ಮಾತೆಂಬಂತೆ. "ನನಗ ಕಾಗಿಣಾ ಹೊಳ್ಯಾಗ ಈಜು ಕಲಿಸಿದಾಕಿ. ಕಲಸೂದೇನು, ಹಿಂದಿನಿಂದ ನೂಕಿ ಬಿಡ್ತಿದ್ಲು ಬದ್ಮಾಶಿ! ಯಾಕ, ಏನಾತು?"

"ಆ ಕೂಸು ಇವರೇರಿ."

ಮುದುಕಿ ಅತ್ತೆಯ ನರೆತ ತಲೆಯಿಂದ ಚಪ್ಪಲಿಯವರೆಗೆ ನೋಡಿದಳು. "ಅರೇ ಅಲ್ಲಾ! ಕೂಸು ಭಾಳ ಬೆಳದದಲ್ಲ!" ಎಂದು ನುಚ್ಚಿನ ಬಟ್ಟಲನ್ನು ಕೋಳಿಗಳಿಗೇ ಬಿಟ್ಟು, ಅತ್ತೆಯ ಕೈ ಹಿಡಿದು ಎಳೆದುಕೊಂಡೇ ನಡೆದಳು.

ಎರಡು ಓಣಿ ದಾಟಿದರೆ ಹಣಮಂತರಾಯರ ಮನೆ. ಚಂದ್ರಭಾಗಾಳ ಅಣ್ಣನ ಮಗ. ವಿಷಯ ಕೇಳಿ ಅವರು ಹೊಸ್ತಿಲು ದಾಟಿ ಬಂದು ಅತ್ತೆಯ ಮುಂದೆ ನಿಂತರು.

"ನಮ್ಮಪ್ಪ ಇರೂ ತನಕ ವಾಡಿಗಿ ಹೋಗಿ ಹುಡುಕ್ಯಾನವಾ. ಊರು ಬಿಟ್ಟು ಹೋಗ್ಯಾರ ಅಂದ್ರೇ ಹೊರತು, ಎಲ್ಲಿಗಿ ಅಂತ ಯಾರೂ ಹೇಳಲಿಲ್ಲ."

ಅತ್ತೆ ಅವರನ್ನೇ ದಿಟ್ಟಿಸುತ್ತಿದ್ದರು. "ಹೋದ ತಿಂಗಳು ಚಹಾದಂಗಡ್ಯಾಗ ಕುಂತು, ಅಮೃತಮ್ಮ ಅಂತ ಯಾರೂ ಇಲ್ಲ, ಮುಂದ ಹೋಗ್ರಿ ಅಂದವರು ನೀವೇ ಅಲ್ಲ?"

ಹಣಮಂತರಾಯರು ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ನಾನೇ ಅಕ್ಕಾ! ಅಲ್ಲಿ ಏನ ಹೆಸರಿಟ್ಟಾರ ಅಂತ ನಾ ಕೇಳಿದವನೇ ಅಲ್ಲ. ನಮಗ ಆಕಿ ಚಂದ್ರಭಾಗಾ ಅತ್ತಿ."

"ಒಂದ ಕಪ್ ಚಹಾ ಸುದ್ದಾ ಕೇಳಲಿಲ್ಲ ನನಗ!" ಎಂದರು ಅತ್ತೆ.

"ಕೇಳಬೇಕಾಗಿತ್ತು ನೋಡು, ಮಾತಿಗಿ ಮಾತು ಬೆಳೀತಿತ್ತು," ಎಂದು ಇಮಾಮ್ಬೀ ಹಣಮಂತರಾಯರ ಬೆನ್ನಿಗೊಂದು ಗುದ್ದಿದಳು. ಎಲ್ಲರೂ ಒಮ್ಮೆಲೇ ನಕ್ಕೆವು.

ಹಣಮಂತರಾಯರ ಹೆಂಡತಿ ಅಕ್ಕಿ, ಕೊಬ್ಬರಿ, ಖಣ ತಂದು ಅತ್ತೆಯನ್ನು ಮಣೆಯ ಮೇಲೆ ಕೂಡಿಸಿದರು. ತವರಿಗೆ ಬಂದ ಮಗಳಿಗೆ ತುಂಬುವಂತೆ ಉಡಿ ತುಂಬಿದರು. ಅತ್ತೆ ಸೆರಗಿನ ಗಂಟು ಬಿಗಿದುಕೊಂಡರು. "ಮರತಿಲ್ಲ ನೋಡು ಅನ್ನಪೂರ್ಣಾ," ಎಂದರು ಮೆಲ್ಲಗೆ, ನನ್ನತ್ತ ತಿರುಗಿ. "ಹೆಸರು ಹಿಡಿದು ಕರೀತಾರ ಇನ್ನೂ."

ಭೂಮಿಕಾ ಅಜ್ಜಿಯ ಮಣೆಯ ಪಕ್ಕಕ್ಕೆ ಬಂದು ಕೂತಳು. ಬಸ್ಸಿನಿಂದಲೂ ಬಾಯಲ್ಲೇ ಇಟ್ಟುಕೊಂಡದ್ದು ಈಗ ಹೊರಗೆ ಬಂತು, ಇಡೀ ಮನೆಗೆ ಕೇಳುವಷ್ಟು ಜೋರಾಗಿ:

"ಆಯೀ, ನಮ್ಮವ್ವಗ ನೀಲಗಂಗಾ ಅಂತ ಅಷ್ಟು ಚಂದ ಹೆಸರಿತ್ತಲ್ಲ, ಅದನ್ನ ಬದಲಿ ಮಾಡೂ ಮುಂದ ಯಾರಾರ ಆಕಿಗಿ ಕೇಳಿದ್ರೇನು?"