ಎರಡು ಮೊನೆಯ ಪೆನ್ಸಿಲ್

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಜಯಸಿಂಹ ಅಣ್ಣನ ಎದೆಯ ಮೇಲೆ ಐದು ನೋಟ್‌ಬುಕ್ಕುಗಳನ್ನು ಇಟ್ಟ. ಶಾಮಲಾ ಒಳಗಿಂದ ಓಡಿಬಂದು ಕಿತ್ತುಕೊಂಡಳು. ಸಾಂತಾಕ್ರೂಜಿನ ಆ ಬಿಲ್ಡಿಂಗಿನ ಜನವೆಲ್ಲ ಬೆಪ್ಪಾಗಿ ನೋಡಿದರು.

"ಬರೀ ಗೀಚು, ಅತ್ತಿಗೆ. ಅಣ್ಣನಿಗೆ ಇಷ್ಟ ಅಂತ ಇಟ್ಟೆ."

"ಗೀಚಲ್ಲ ಕಣೋ. ಧಾರಾವಿಯವರ ಹೇಳಿಕೆ."

ಪಾಪ, ಅವನದೇನು ತಪ್ಪು? ಶೀಘ್ರಲಿಪಿ ಓದಬಲ್ಲವರು ಆ ಗುಂಪಿನಲ್ಲಿ ಯಾರಿದ್ದರು? ಜನವರಿಯ ಗಲಭೆಯಲ್ಲಿ ಮನೆಮಂದಿಯನ್ನು ಕಳೆದುಕೊಂಡ ಕಲಬುರ್ಗಿ ಕಡೆಯ ಮುಸಲ್ಮಾನರ ಮಾತನ್ನು ಅವರ ಕನ್ನಡದಲ್ಲೇ ಬರೆದುಕೊಳ್ಳಲು ವಕೀಲರಿಗೆ ಸಿಕ್ಕವರು ಶಾಮಲಾಳ ಗಂಡ, ನಿವೃತ್ತ ಸ್ಟೆನೋ ತಿರುಮಲೇಶರೊಬ್ಬರೇ. ನಿನ್ನೆ ಧಾರಾವಿಯಿಂದ ಬಂದವರು ಎದೆನೋವೆಂದು ಮಲಗಿ ಏಳಲೇ ಇಲ್ಲ. ವಿಚಾರಣಾ ಆಯೋಗಕ್ಕೆ ಹೇಳಿಕೆ ಸಲ್ಲಿಸಲು ಇವತ್ತು ಐದು ಗಂಟೆಯೇ ಕೊನೆ. ನಾಲ್ಕು ಪುಸ್ತಕದ ಹೇಳಿಕೆಗಳು ಟೈಪಾಗಿ ವಕೀಲರ ಕೈ ಸೇರಿದ್ದವು. ಐದನೆಯದು ಹುಸೇನ್‌ಬಿಯದು, ಅರ್ಧ ಉಳಿದಿತ್ತು. ನಾಳೆ ಮನೆಗೇ ಬಾ, ಮುಗಿಸೋಣ ಎಂದಿದ್ದರಂತೆ. ಹೇಳಿದ ಹೊತ್ತಿಗೆ ಬಂದವಳು ಚಟ್ಟ ಕಂಡು ಬಾಗಿಲಲ್ಲೇ ನಿಂತಿದ್ದಳು.

*

ಮಲ್ಲೇಶ್ವರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ತಿರುಮಲೇಶರು ಪೆನ್ಸಿಲಿಗೆ ಎರಡೂ ಕಡೆ ಮೊನೆ ಮಾಡಿಸುತ್ತಿದ್ದರು. "ಒಂದು ಮುರಿದರೂ ಮಾತಾಡೋರನ್ನ ನಿಲ್ಲಿಸಬಾರದು." ಮುಂದಿನ ಬೆಂಚಿನ ಶಾಮಲಾ ಕಿಸಕ್ಕೆಂದಿದ್ದಳು. ಆಮೇಲೆ ಅವರಿಂದ ಅವಳಿಗೆ ಬಂದ ಪ್ರೇಮಪತ್ರಗಳೆಲ್ಲ ಶೀಘ್ರಲಿಪಿಯಲ್ಲೇ. ಅವಳಪ್ಪ ಅವನ್ನು ತಿರುಗಿಸಿ ಮುರುಗಿಸಿ ನೋಡಿ ಹೋಂವರ್ಕ್ ಎಂದುಕೊಂಡರು. ಮದುವೆಯಾದ ಮೇಲೆ ಮೂವತ್ತೆರಡು ವರ್ಷ ಅವಳು ಆ ಲಿಪಿ ಬರೆದಿರಲಿಲ್ಲ.

*

ಹೆಣ ಹೊರಟಿತು. ಸ್ಮಶಾನಕ್ಕೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ನಾದಿನಿ ಸುಬ್ಬಲಕ್ಷ್ಮಿ ಮನೆ ತೊಳೆಯಲು ಕೊಡ ಎತ್ತಿದಳು.

"ನೀರು ಆಮೇಲೆ ಹಾಕೇ. ಪುಸ್ತಕ ನೆನೆಯುತ್ತೆ."

ಶಾಮಲಾ ನೆಲದ ಮೇಲೇ ಕೂತು ಹುಸೇನ್‌ಬಿಯನ್ನು ಎದುರಿಗೆ ಕರೆದಳು. ಆಗಲೇ ಒಂದು ಗಂಟೆ. ಬರೆದು, ಟೈಪ್ ಮಾಡಿ, ಮೂರೂವರೆಗೆ ಲೋಕಲ್ ಹಿಡಿಯಬೇಕು. ಮೊದಲ ಪುಟದಲ್ಲಿ ತಡವರಿಸಿದಳು. ಆಮೇಲೆ ಗಂಡನ ಗೆರೆಗಳು ಒಂದೊಂದಾಗಿ ಗುರುತು ಸಿಕ್ಕವು. ಬೆರಳು ಸಾಲಿನ ಮೇಲೆ ಬೇಗಬೇಗ ಓಡಿತು. ಇಂಥ ದಿನ ಇದೆಂಥ ಹುರುಪು ಎಂದು ನಾಚಿಕೆಯೂ ಆಯಿತು. ಗಟ್ಟಿಯಾಗಿ ಓದಿದಳು: "ಬಾಗಲಾ ಒಡದ್ರು. ನನ್ನ ಮಗ ದಸ್ತಗೀರನ್ನ ಎಳಕೊಂಡು..." ಬರಹ ಅಲ್ಲಿಗೆ ನಿಂತಿತ್ತು.

"ಯಾರು ಎಳಕೊಂಡು ಹೋದ್ರು ಅಂತ ನಂಗ ಗೊತ್ತದರಿ ಅಕ್ಕಾರ," ಎಂದಳು ಹುಸೇನ್‌ಬಿ. "ಒಮ್ಮೆ ಹೇಳತೀನಿ. ಎರಡನೇ ಸಲ ನನ್ನ ಕೈಲಿ ಆಗಂಗಿಲ್ರಿ."

ಶಾಮಲಾ ಗೂಟದಲ್ಲಿದ್ದ ಗಂಡನ ಅಂಗಿಯ ಜೇಬಿನಿಂದ ಪೆನ್ಸಿಲ್ ಹುಡುಕಿ ತಂದಳು.

ಹುಸೇನ್‌ಬಿ ಎಲ್ಲೂ ನಿಲ್ಲದೆ ಹೇಳಿದಳು. ಶಾಮಲಾಳ ಕೈ ಮೊದಲ ಸಾಲಿನಲ್ಲಿ ಹಿಂದೆ ಬಿತ್ತು, ಎರಡನೆಯದರಲ್ಲಿ ಮಾತನ್ನು ಹಿಡಿಯಿತು. ಒಂದು ಹೆಸರು ಬಂತು. ಇನ್ನೊಂದಕ್ಕೆ ಮೊನೆ ಟಕ್ಕನೆ ಮುರಿಯಿತು. ಹುಸೇನ್‌ಬಿಗೆ ಅದು ಗೊತ್ತೇ ಆಗಲಿಲ್ಲ. ಶಾಮಲಾ ತಲೆಯೆತ್ತದೆ ಪೆನ್ಸಿಲ್ ತಿರುಗಿಸಿ, ಅವರು ಕೆತ್ತಿಟ್ಟಿದ್ದ ಇನ್ನೊಂದು ಮೊನೆಯಿಂದ ಬರೆಯುತ್ತಲೇ ಇದ್ದಳು.