ಗುಂಡಿಗಳ ಡಬ್ಬ

ಆ ಮನೆಗೆ ಬಂದ ಮೂರನೆಯ ತಿಂಗಳಲ್ಲಿ ಸೊಸೆ ಒಂದು ಉಪಕಾರ ಮಾಡಿದಳು. ಅದರಿಂದ ಚೇತರಿಸಿಕೊಳ್ಳಲು ಹೊಲಿಗೆ ಅಂಗಡಿಗೆ ಹನ್ನೊಂದು ದಿನ ಹಿಡಿಯಿತು.

ಮನೆ ಮೇಲೆ, ಅಂಗಡಿ ಕೆಳಗೆ. ಅಂಗಡಿಯಲ್ಲಿ ಮೂರು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಪಕ್ಕ ಇಸ್ತ್ರಿ ಮೇಜು. ಒಡತಿ ಅತ್ತೆ. ಗುಂಡಿ ತೂರುವ ಕಿಂಡಿಗೆ ದಾರದಲ್ಲಿ ಅಂಚು ಕಟ್ಟುವುದಕ್ಕೆ ಕಾಜಾ ಎನ್ನುತ್ತಾರೆ. ಕೈಯಲ್ಲಿ ಕಾಜಾ ಹಾಕುವುದರಲ್ಲಿ ಆಕೆಯ ಹೆಸರು ನಾಲ್ಕು ಬೀದಿಯಾಚೆಗೂ ಹೋಗಿತ್ತು. ಕತ್ತರಿಸುವ ಮೇಜು ಆಕೆಯ ತಮ್ಮನದು. ಆತನನ್ನು ಗಿರಾಕಿಗಳೂ ಸೇರಿ ಎಲ್ಲರೂ ಕತ್ತರಿ ಮಾವ ಎನ್ನುತ್ತಿದ್ದರು. ಇಸ್ತ್ರಿಯಕ್ಕ ಗಂಡನ ಮೇಲಿನ ಸಿಟ್ಟನ್ನೆಲ್ಲ ಪ್ಯಾಂಟಿನ ಗೆರೆಗೆ ಇಳಿಸುತ್ತಿದ್ದುದರಿಂದ, ಆ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು.

ಸೊಸೆ ಮದುವೆಗೆ ಮೊದಲು ಔಷಧಿ ಗೋದಾಮೊಂದರಲ್ಲಿ ಆರು ವರ್ಷ ದಾಸ್ತಾನು ನೋಡಿಕೊಂಡವಳು. ಹೊಲಿಗೆ ಬಾರದು. ಅಂಗಡಿಗೆ ಇಳಿದರೆ ಎಲ್ಲಿ ನಿಂತರೂ ಯಾರದೋ ಬೆಳಕಿಗೆ ಅಡ್ಡ. "ನೀನು ಕೂತ್ಕೋಮ್ಮ" ಎಂದು ಅತ್ತೆ ಪ್ರೀತಿಯಿಂದಲೇ ಹೇಳುತ್ತಿದ್ದಳು. ಕೂತವಳಿಗೆ ತಾನು ಈ ಮನೆಗೆ ಬಂದ ನೆಂಟಳೋ ಮನೆಯವಳೋ ತಿಳಿಯುತ್ತಿರಲಿಲ್ಲ. ಹಾಗೆ ಕೂತಾಗಲೇ ಅವಳಿಗೆ ಕಪಾಟಿನ ಕೆಳ ಹಲಗೆಯ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬ ಕಂಡದ್ದು. ಅದರ ತುಂಬ ಗುಂಡಿಗಳು. ನಲವತ್ತು ವರ್ಷಗಳಲ್ಲಿ ಹರಿದ ಅಂಗಿಗಳಿಂದ ಬಿಚ್ಚಿದವು, ಗಿರಾಕಿಗಳು ಬೇಡವೆಂದವು, ಎಲ್ಲಿಂದ ಬಂದವೆಂದು ದೇವರಿಗೂ ಗೊತ್ತಿಲ್ಲದವು. ಬಿಳಿ, ಕಂದು, ಎರಡು ತೂತಿನವು, ನಾಲ್ಕು ತೂತಿನವು, ಎಲ್ಲ ಕಲಸುಮೇಲೋಗರ.

ಒಂದು ಭಾನುವಾರ ಅಂಗಡಿಗೆ ಬೀಗ, ಮನೆಯವರು ಊಟ ಮಾಡಿ ಮಲಗಿದ್ದರು. ಸೊಸೆ ಕೆಳಗಿಳಿದು ಡಬ್ಬ ಸುರಿದಳು. ಸಂಜೆ ಎದ್ದಾಗ ಬೆನ್ನು ಬಿಲ್ಲಿನಂತಾಗಿತ್ತು. ಮೇಲಿನ ಹಲಗೆಯ ಮೇಲೆ ಮೂವತ್ತೆರಡು ಜಾಮಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದಕ್ಕೂ ಚೀಟಿ: ಬಣ್ಣ, ಅಳತೆ, ತೂತು. ಖಾಲಿ ಡಬ್ಬಕ್ಕೂ ಅವಳು ಮೋಸ ಮಾಡಲಿಲ್ಲ. ಮೇಲೆ ಒಯ್ದು ಬಟ್ಟೆಯ ಕ್ಲಿಪ್ಪು ತುಂಬಿಸಿದಳು.

ಸೋಮವಾರ ಬೆಳಿಗ್ಗೆ ಮೂವರೂ ಬಾಟಲಿಗಳ ಮುಂದೆ ಸಾಲಾಗಿ ನಿಂತರು.

"ಚೆನ್ನಾಗಿದೆ" ಎಂದಳು ಅತ್ತೆ.

"ಬಹಳ ಚೆನ್ನಾಗಿದೆ" ಎಂದ ಕತ್ತರಿ ಮಾವ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಇಸ್ತ್ರಿಯಕ್ಕ ಇಸ್ತ್ರಿಗೆ ಪ್ಲಗ್ ಹಾಕಿದಳು.

ಆ ವಾರ ಅಂಗಡಿಗೆ ಯಾವುದೋ ಗ್ರಹ ಹಿಡಿದಂತಾಯಿತು. ಎಂದೂ ತಪ್ಪದ ಕತ್ತರಿ ಮಾವ ಒಂದೇ ಅಂಗಿಗೆ ಎರಡು ಬಲಗೈ ಕತ್ತರಿಸಿಟ್ಟ. ಮಂಗಳವಾರ ಇಸ್ತ್ರಿಯಕ್ಕ ಮುಖ ಊದಿಸಿಕೊಂಡು ಬಂದಳು, ನೇರ ಕಪಾಟಿನ ಬಳಿ ಹೋದಳು, ಬಾಗಿದಳು, ಬರಿ ಹಲಗೆ ನೋಡಿ ಎದ್ದಳು. ಮಧ್ಯಾಹ್ನದೊಳಗೆ ಇಬ್ಬರು ಗಿರಾಕಿಗಳ ಜೊತೆ ಜಗಳವಾಗಿ, ಒಂದು ಕಾಲರು ಸುಟ್ಟಿತ್ತು.

"ಬಟನ್ ಏನಾದ್ರೂ ಬೇಕಿತ್ತಾ ಅಕ್ಕ?" ಎಂದು ಸೊಸೆ ಕೇಳಿದಳು. "ಯಾವುದು ಬೇಕಾದ್ರೂ ಈಗ ಒಂದೇ ನಿಮಿಷಕ್ಕೆ ಸಿಗುತ್ತೆ."

"ಅದೇ ಅಲ್ವಾ ತಾಯಿ ಕಷ್ಟ" ಎಂದಳು ಇಸ್ತ್ರಿಯಕ್ಕ.

ಈ ನಡುವೆ ಅತ್ತೆಯ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಪೊರೆ ತೆಗೆಯುವುದು ಈಗ ಹಲ್ಲು ಕೀಳಿಸಿದಷ್ಟೇ ಸುಲಭ ಎಂದು ಬೀದಿಗೆ ಬೀದಿಯೇ ಹೇಳಿತು. ಹೇಳಿದವರಿಗೆಲ್ಲ ಎರಡು ಕಣ್ಣಿದ್ದವು. ಅತ್ತೆಯ ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ. ಅದಕ್ಕೆ ಹಗಲು ರಾತ್ರಿಯ ವ್ಯತ್ಯಾಸ ತಿಳಿಯುತ್ತಿತ್ತು, ಹೆಚ್ಚೇನೂ ಇಲ್ಲ. ನಲವತ್ತು ವರ್ಷದ ಕಾಜಾಗಳನ್ನೆಲ್ಲ ಬಲಗಣ್ಣೊಂದೇ ಹಾಕಿತ್ತು. ಪೊರೆ ಬಂದದ್ದೂ ಅದಕ್ಕೇ. ಅದಕ್ಕೇನಾದರೂ ಆದರೆ ಸೂಜಿಯೂ ಹೋಯಿತು, ಅಂಗಡಿಯೂ ಹೋಯಿತು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಚಹಾ ಮಾತ್ರ ಜಾಸ್ತಿ ಕುಡಿದರು.

ಹನ್ನೊಂದನೆಯ ದಿನ, ಗುರುವಾರ. ಆಸ್ಪತ್ರೆಗೆ ಮಧ್ಯಾಹ್ನ ಮೂರಕ್ಕೆ ಬರಹೇಳಿದ್ದರು. ಅತ್ತೆ ಹತ್ತು ಗಂಟೆಗೇ ಸಿದ್ಧಳಾಗಿ ಮಿಷನ್ನಿನ ಮುಂದೆ ಕೂತಿದ್ದಳು. ಸೂಜಿಗೆ ದಾರ ಪೋಣಿಸಲು ಐದು ಸಲ ನೋಡಿ, ದಾರದ ತುದಿಯನ್ನು ಕಚ್ಚಿ ಎಸೆದಳು. ಮಗ ಫೋನು ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತ.

"ಅಮ್ಮ, ಇಲ್ಲಿ ಕೊಟ್ಟಿದಾರೆ ನೋಡು. ನಾಲ್ಕು ಎಣಿಸೋವರೆಗೆ ಉಸಿರು ಒಳಗೆ. ನಾಲ್ಕು ಎಣಿಸೋವರೆಗೆ ಹಿಡ್ಕೋ. ಆಮೇಲೆ ನಿಧಾನವಾಗಿ ಹೊರಗೆ ಬಿಡು."

"ಉಸಿರು ಹಿಡ್ಕೊಂಡವರ ಅಳತೆ ತಗೋಬಾರದು ಅಂತ ನಮ್ಮ ಗುರುಗಳು ಹೇಳಿಕೊಟ್ಟಿದ್ರು. ಅಂಗಿ ಸಡಿಲ ಆಗುತ್ತೆ."

"ಅಮ್ಮ, ಇದು ಅಂಗಿಗಲ್ಲ, ಮನಸ್ಸಿಗೆ."

"ಮನಸ್ಸು ಸಡಿಲ ಆದ್ರೆ ಒಳ್ಳೇದೇನೋ?" ಎಂದಳು ಅತ್ತೆ. ಆದರೂ ಮಗನ ಮುಖ ನೋಡಿ ಎರಡು ಸಲ ಉಸಿರು ಹಿಡಿದಳು. ಮೂರನೆಯದಕ್ಕೆ ಕೆಮ್ಮು ಬಂತು. ಮಗ ಗಾಡಿ ತೊಳೆಯಲು ಎದ್ದು ಹೋದ. ಗಾಡಿಯನ್ನು ಬೆಳಿಗ್ಗೆ ಒಮ್ಮೆ ತೊಳೆದೂ ಆಗಿತ್ತು.

ಆಗ ಸೊಸೆ ನೋಡಿದಳು. ಅತ್ತೆಯ ಕೈ ತಾನಾಗಿ ಕೆಳಗಿಳಿದು, ತಲೆ ತಿರುಗಿಸದೆಯೇ, ಕಪಾಟಿನ ಕೆಳ ಹಲಗೆಯನ್ನು ತಡವಿತು. ಖಾಲಿ ಜಾಗ ಸಿಕ್ಕಿತು. ಕೈ ಒಂದು ಗಳಿಗೆ ಅಲ್ಲೇ ಇದ್ದು, ಬಂದ ದಾರಿಯಲ್ಲೇ ಮಡಿಲಿಗೆ ವಾಪಸಾಯಿತು.

ಸೊಸೆ ಕತ್ತರಿ ಮಾವನ ಬಳಿ ಹೋಗಿ ಪಿಸುಗುಟ್ಟಿದಳು. "ಮಾವ, ನಿಜ ಹೇಳಿ. ಆ ಡಬ್ಬದಲ್ಲಿ ಏನಿತ್ತು?"

"ಗುಂಡಿ ಇತ್ತು."

"ಮಾವ."

ಆತ ಸೀಮೆಸುಣ್ಣ ಕೆಳಗಿಟ್ಟ. "ನೋಡಮ್ಮ, ಈ ಅಂಗಡೀಲಿ ಯಾರಿಗೆ ಮನಸ್ಸು ಕೆಟ್ರೂ ಆ ಡಬ್ಬ ಎಳ್ಕೊಂಡು ಕೂರೋದು. ಬಿಳೀದು ಒಂದು ಕಡೆ, ಕಪ್ಪು ಒಂದು ಕಡೆ. ಒಂದು ಇನ್ನೂರು ಗುಂಡಿ ಆಗೋ ಹೊತ್ತಿಗೆ ಎದೆ ಹಗುರ. ಎದ್ದು ಕೆಲಸಕ್ಕೆ ಹೋಗೋದು. ನನ್ನ ಮಗಳ ಪರೀಕ್ಷೆ ದಿನ ನಾನೂ ಕೂತಿದ್ದೆ. ಇಸ್ತ್ರಿಯಕ್ಕಂದು ವಾರಕ್ಕೆ ಎರಡು ಸಲ."

"ಹಾಗಾದ್ರೆ ಎಷ್ಟೋ ಹಿಂದೇನೇ ಎಲ್ಲ ಬೇರೆ ಆಗಿರಬೇಕಿತ್ತಲ್ಲ?"

"ಹೆಂಗಾಗುತ್ತೆ? ಸಂಜೆ ಬಾಗಿಲು ಹಾಕೋ ಮುಂಚೆ ನಮ್ಮಕ್ಕ, ನಿಮ್ಮತ್ತೆ, ಅಳತೆ ಕೋಲು ತಗೊಂಡು ಎಲ್ಲಾನೂ ಮತ್ತೆ ಕಲಸಿಬಿಡ್ತಾಳೆ. ನಾಳೆಗೆ ಯಾರಿಗೆ ಬೇಕಾಗುತ್ತೋ ಅಂತ."

"ನನಗೆ ಯಾಕೆ ಯಾರೂ ಹೇಳಲಿಲ್ಲ?"

"ನಮಗೂ ಯಾರೂ ಹೇಳಿಲ್ವಲ್ಲ" ಎಂದ ಕತ್ತರಿ ಮಾವ, ತನಗೇ ಆಶ್ಚರ್ಯವಾದವನಂತೆ. "ಪಾಪ, ನೀನು ಅಷ್ಟು ಖುಷಿಯಾಗಿ ನಿಂತಿದ್ದೆ. ಏನಂತ ಹೇಳೋದು?"

ಸೊಸೆ ಮೆಟ್ಟಿಲು ಹತ್ತಿ ಹೋದ ಸದ್ದು ಕೇಳಿತು, ಕ್ಲಿಪ್ಪುಗಳು ನೆಲಕ್ಕೆ ಬಿದ್ದ ಸದ್ದು ಕೇಳಿತು, ಮೆಟ್ಟಿಲು ಇಳಿದ ಸದ್ದು ಕೇಳಿತು. ಡಬ್ಬವನ್ನು ಅತ್ತೆಯ ಮುಂದಿಟ್ಟು ಮೊದಲನೆಯ ಬಾಟಲಿ ತೆಗೆದುಕೊಂಡಳು. 'ಬಿಳಿ, ಸಣ್ಣದು, ನಾಲ್ಕು ತೂತು.' ಮುಚ್ಚಳ ತಿರುಗಿಸಿ ಸುರಿದಳು. ಎರಡನೆಯದು. ಮೂರನೆಯದು. ಹತ್ತನೆಯದರ ಹೊತ್ತಿಗೆ ಇಸ್ತ್ರಿಯಕ್ಕ ಇಸ್ತ್ರಿ ಬಿಟ್ಟು ಬಂದು ಮುಚ್ಚಳ ತೆಗೆದುಕೊಡಲು ನಿಂತಳು. ಕೊನೆಯ ಬಾಟಲಿ ಖಾಲಿಯಾದಾಗ ಸೊಸೆ ಅಳತೆ ಕೋಲು ಹುಡುಕಿ ಡಬ್ಬದ ತಳದವರೆಗೆ ಇಳಿಸಿ ತಿರುವಿದಳು. ಆರು ವರ್ಷ ಗೋದಾಮಿನಲ್ಲಿ ದುಡಿದ ಕೈ. ಮೊದಲ ಸುತ್ತಿಗೆ ಸ್ವಲ್ಪ ಹಿಂಜರಿಯಿತು.

"ತಪ್ಪಾಯ್ತು ಅತ್ತೆ."

ಅತ್ತೆ ಕೈಯನ್ನು ಮಣಿಕಟ್ಟಿನವರೆಗೆ ಗುಂಡಿಗಳಲ್ಲಿ ಮುಳುಗಿಸಿದಳು. ಕಣ್ಣು ಮುಚ್ಚಿದಳು. ಬೆರಳು ಒಂದೊಂದನ್ನೇ ಎತ್ತಿ, ತೂತು ಎಣಿಸಿ, ಮೇಜಿನ ಮೇಲೆ ಎರಡು ಗುಡ್ಡೆ ಮಾಡತೊಡಗಿತು. ಕಣ್ಣಿಲ್ಲದೆಯೂ ಒಂದೂ ತಪ್ಪಲಿಲ್ಲ. ಅದನ್ನು ಕತ್ತರಿ ಮಾವನೂ ಗಮನಿಸಿದ, ಗಮನಿಸಿ ಬೇರೆ ಕಡೆ ನೋಡಿದ.

"ಈ ಡಬ್ಬದ ತಳ ಇದುವರೆಗೆ ಯಾರೂ ಮುಟ್ಟಿರಲಿಲ್ಲ" ಎಂದಳು ಅತ್ತೆ, ಕಣ್ಣು ತೆರೆಯದೆ. "ನಮ್ಮವರು ತೀರಿಕೊಂಡ ವಾರ ನಾನು ಅರ್ಧ ಡಬ್ಬದವರೆಗೆ ಬಂದಿದ್ದೆ. ಅಷ್ಟೇ. ನೀನು ಒಂದೇ ಮಧ್ಯಾಹ್ನದಲ್ಲಿ ಪೂರ್ತಿ ಮುಗಿಸಿದೀಯ ಅಂತ ಸೋಮವಾರ ನೋಡಿದಾಗ ನನಗೆ ಕಂಡದ್ದು ಬಾಟಲಿ ಅಲ್ಲ, ನೀನು." ಒಂದು ಗುಂಡಿಯನ್ನು ಬೆರಳುಗಳ ನಡುವೆ ತಿರುಗಿಸಿದಳು. "ಅಷ್ಟು ಹೆದರಿಕೊಂಡಿದ್ಯೇನೇ, ಮಗಳೇ, ಈ ಮನೇಲಿ?"

ಸೊಸೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತು ಒಂದು ಕಪ್ಪು ಗುಂಡಿ ಎತ್ತಿಕೊಂಡಳು. ಈ ಸಲ "ನೀನು ಕೂತ್ಕೋಮ್ಮ" ಎಂದು ಯಾರೂ ಹೇಳಬೇಕಾಗಲಿಲ್ಲ.

ಎರಡು ಗಂಟೆಗೆ ಮಗ ಬಂದು ಹೊರಡೋಣ ಎಂದಾಗ ಅತ್ತೆ, "ಇರೋ, ಈ ಹಿಡಿ ಮುಗೀಲಿ" ಎಂದಳು. ಗಾಡಿ ಹತ್ತುವಾಗ ಒಂದು ಹಿಡಿ ಗುಂಡಿಯನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ಸೊಸೆಯ ಕೈಗೆ ಕೊಟ್ಟಳು. "ಹೊರಗೆ ಕೂತು ಕಾಯೋದು ನೀನು ತಾನೇ. ಒಳಗಿರೋಳಿಗೆ ಡಾಕ್ಟರಿದ್ದಾರೆ."

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಅತ್ತೆ ಕಣ್ಣು ಮಿಟುಕಿಸಿ ಮಿಟುಕಿಸಿ ನೋಡಿದಳು. ಸೊಸೆ ಕರ್ಚೀಫಿನ ಗಂಟನ್ನು ಒತ್ತಿ ಹಿಡಿದು ನಿಂತಿದ್ದಳು. ಮಗ ನಾಲ್ಕರವರೆಗೆ ಎಣಿಸಿ, ಉಸಿರು ಬಿಡುವುದನ್ನು ಮರೆತಿದ್ದ.

"ಅಮ್ಮ, ಏನು ಕಾಣಿಸ್ತಿದೆ ಹೇಳಿ" ಎಂದರು ಡಾಕ್ಟರು.

ಅತ್ತೆ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮ್ಮ ಕೋಟಿನ ಮೂರನೇ ಗುಂಡಿ ಈ ಸೆಟ್ಟಿಂದಲ್ಲ. ನಾಲ್ಕು ತೂತಿರಬೇಕಾದ ಕಡೆ ಎರಡು ತೂತಿಂದು ಹಾಕಿದಾರೆ. ಅದೂ ಯಾರೋ ಅವಸರದಲ್ಲಿ."

ಡಾಕ್ಟರು ಬಗ್ಗಿ ನೋಡಿಕೊಂಡರು. ಮಗ ಉಸಿರು ಬಿಟ್ಟ.

"ಬಿಚ್ಚಿ ಕೊಡಿ ಆ ಕೋಟು. ಇದಕ್ಕೆ ಜೋಡಿ ನಮ್ಮ ಡಬ್ಬದಲ್ಲಿ ಖಂಡಿತ ಇದೆ" ಎಂದು ಅತ್ತೆ ಸೊಸೆಯ ಕಡೆ ತಿರುಗಿದಳು. "ಎಲ್ಲಿದೆ ಅಂತ ಗೊತ್ತಾ ನಿನಗೆ?"

"ನಿನ್ನೆ ಬೆಳಿಗ್ಗೆವರೆಗೂ ಗೊತ್ತಿತ್ತು ಅತ್ತೆ" ಎಂದಳು ಸೊಸೆ. "ಈಗ ಹುಡುಕಬೇಕು."